ಅಳಿವೆಯ ಗಾಳಕ್ಕೆ ತಿಪಟೂರಿನ ತೂಕ

ಗಾಳದ ರಾಡಿನ ತುದಿಯ ಉಂಗುರದೊಳಗೆ ಒಂದು ಚೂರು ಹತ್ತಿ ತೂರಿಸಿ ಮೆಲ್ಲನೆ ಎಳೆಯಬೇಕು. ಒಂದೇ ಒಂದು ಎಳೆ ಅಲ್ಲಿ ಸಿಕ್ಕಿ ಉಳಿದರೂ ಉಂಗುರದ ಒಳಮೈ ಸೀಳಿದೆ ಎಂದರ್ಥ. ಬೆರಳಿಗೂ ಕಣ್ಣಿಗೂ ಗೊತ್ತಾಗದ ಆ ಸೀಳು ದಾರವನ್ನು ದಿನದಿನವೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಒಳ್ಳೆಯ ಮೀನು ಸಿಕ್ಕ ದಿನ ತುಂಡು ಮಾಡುತ್ತದೆ. ನಾವು ಇದಕ್ಕೆ ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿಯನ್ನೇ ಬಳಸುತ್ತಿದ್ದೆವು. ಅಂಗಡಿಯ ಯಜಮಾನರ ತಾಯಿ ಗೌರಮ್ಮನವರು ಕೊಡುವಾಗ ಪ್ರತಿ ಸಲವೂ ಮುಖ ತಿರುಗಿಸಿ ಕೊಡುತ್ತಿದ್ದರು.

ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಇಬ್ಬರು ಹುಡುಗಿಯರು ಕೂರುತ್ತಾರೆಂದು ಕೇಳಿದೆ. ಇದು ಅವರಿಗಾಗಿ, ಮತ್ತು ಇಂಥ ಕೆಲಸಕ್ಕೆ ಬರುವ ಇತರರಿಗಾಗಿ. ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಆದರೆ ಆ ಕೆಲಸ ನನ್ನ ಪಾಲಿಗೆ ಮುಗಿದಿದೆ, ಮತ್ತೆ ಹೋಗುವುದಿಲ್ಲ. ಕಾರಣ ಮನೆಯದು, ಇಲ್ಲಿ ಬೇಡ. ಸಂಬಳ ಎಷ್ಟಿತ್ತು, ಎಷ್ಟಾಯಿತು ಎನ್ನುವುದನ್ನೂ ಬಿಡುತ್ತೇನೆ. ಕೆಲಸ ಹೇಗಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ.

ತಿಪಟೂರಿನಲ್ಲಿ ಕೂತು ಕಡಲ ದಂಡೆಯವರಿಗೆ ಗಾಳದ ರಾಡು, ರೀಲು ಮಾರುವುದು ನಮ್ಮ ಕೆಲಸ. ಕೇಳಿದವರೆಲ್ಲ ಮೊದಲು ನಗುತ್ತಾರೆ. ಯಜಮಾನರಾದ ನಂಜುಂಡಪ್ಪನವರದು ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರದ ಮನೆ. ಮನೆಯಲ್ಲಿ ಮೊಟ್ಟೆಯೂ ಇಲ್ಲ. ಆದರೆ ಅವರಿಗೆ ಚಿಕ್ಕಂದಿನಿಂದ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂರುವ ಹುಚ್ಚು. ಹಿಡಿಯುವುದು, ನೋಡುವುದು, ಮತ್ತೆ ನೀರಿಗೆ ಬಿಡುವುದು. ಒಳ್ಳೆಯ ರೀಲು ಬೇಕೆಂದು ತರಿಸಿಕೊಳ್ಳಲು ಹೊರಟವರು ನಾಲ್ಕು ಜನಕ್ಕೆ ತರಿಸಿಕೊಟ್ಟರು. ಆ ನಾಲ್ಕು ಜನರ ಪೈಕಿ ಒಬ್ಬರು ಉಡುಪಿ ಕಡೆಯವರಾಗಿದ್ದರು. ಅಲ್ಲಿಂದ ಶುರು. ಬಾಡಿಗೆ ಕಡಿಮೆ, ರೈಲು ಇದೆ, ಪಾರ್ಸೆಲ್ ಎಲ್ಲಿಗಾದರೂ ಹೋಗುತ್ತದೆ. ಕಡಲು ಊರಿನಲ್ಲೇ ಇರಬೇಕೆಂದು ಯಾರು ಹೇಳಿದರು ಎನ್ನುವುದು ಅವರ ವಾದ.

ಕೊಬ್ಬರಿ ಮಾರುಕಟ್ಟೆಯ ಅವರ ಗೆಳೆಯರೊಬ್ಬರು, ಗಡ್ಡ ಬಿಟ್ಟ ಕಿರಾಣಿ ಅಂಗಡಿಯವರು, ದಾರಿಯಲ್ಲಿ ನಿಂತು ಕೂಗುತ್ತಿದ್ದರು: "ಏನ್ಲಾ ನಂಜುಂಡ, ಮೀನು ಮುಟ್ಟದೋನು ಗಾಳ ಮಾರ್ತೀಯಲ್ಲ, ನಾಚ್ಕೆ ಆಗಲ್ವೇನ್ಲಾ?"

"ನೀನು ಗಡ್ಡ ಬಿಟ್ಟಿದ್ದೀಯಲ್ಲ, ಅಂಗ್ಡೀಲಿ ಬ್ಲೇಡು ಮಾರಲ್ವೇನ್ಲಾ?" ಎಂದು ಇವರು ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು.

ನಾನು ತುರುವೇಕೆರೆ ಕಡೆಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಉಪನ್ಯಾಸಕರ ಹುದ್ದೆಗೆ ಕಾಯುತ್ತಿದ್ದೆ. ಆ ಮಧ್ಯೆ ಫೋನಿನಲ್ಲಿ ಗಿರಾಕಿಗಳೊಂದಿಗೆ ಮಾತಾಡುವ ಕೆಲಸಕ್ಕೆ ಸೇರಿದೆ. ಹೆಚ್ಚು ಮಾತಾಡುವ ಸ್ವಭಾವ ನನ್ನದಲ್ಲ ಎಂದು ಮೊದಲೇ ಹೇಳಿದ್ದೆ. "ಅದಕ್ಕೇ ಕಣಮ್ಮ ನೀನು ಬೇಕು. ಮಾತಾಡೋಕೆ ನಾನಿದ್ದೀನಿ. ಕೇಳಿಸ್ಕೊಳ್ಳೋರು ಬೇಕು," ಎಂದರು ನಂಜುಂಡಪ್ಪ. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ.

ಕೇಳಿಸಿಕೊಳ್ಳುವುದೇ ಆ ಕೆಲಸದ ಮುಕ್ಕಾಲು ಪಾಲು. ಫೋನ್ ಮಾಡುವವರು ಮೀನಿನ ಹೆಸರು ಹೇಳಿ ಕಾಂಬೋ, ಅಂದರೆ ರಾಡು-ರೀಲಿನ ಜೋಡಿ, ಕೇಳುತ್ತಾರೆ. ಕೇಳಬೇಕಾದದ್ದು ಮೀನಿನ ಹೆಸರಲ್ಲ; ಅವರು ಎಲ್ಲಿ ನಿಂತಿರುತ್ತಾರೆ, ನೀರಿನ ತಳದಲ್ಲಿ ಏನಿದೆ. ಇದನ್ನು ನನಗೆ ಕಲಿಸಿದ್ದು ಮಲ್ಪೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಅವರಿಗೆ ಹನ್ನೆರಡು ಅಡಿಯ ರಾಡೇ ಬೇಕಿತ್ತು. ದೂರ ಎಸೆಯಬಹುದು ಎಂದರು. ನಾನೂ ಹೂಂ ಎಂದು ಕಳಿಸಿದೆ. ವಾರ ಕಳೆದು ಫೋನ್ ಬಂತು.

"ಮೇಡಂ, ರಾಡು ಭಾರಿ ಚಂದ ಉಂಟು. ಆದರೆ ಮೀನನ್ನು ತೆಗೀಲಿಕ್ಕೆ ಆಗುವುದಿಲ್ಲ."

"ಯಾಕೆ ಸಾರ್?"

"ನಾನು ಕೂತಿರುವುದು ಸಣ್ಣ ದೋಣಿಯಲ್ಲಿ. ಮೀನು ಹತ್ತಿರ ಬಂದರೆ ರಾಡಿನ ತುದಿ ಆಚೆ ದಡದಲ್ಲಿರ್ತದೆ. ಮೀನನ್ನು ಹಿಡೀಲಿಕ್ಕೆ ಇನ್ನೊಂದು ದೋಣಿ ಬೇಕು ಮಾರಾಯ್ರೆ."

ಅಂದಿನಿಂದ ನನ್ನ ಮೊದಲ ಪ್ರಶ್ನೆ: ನಿಂತು ಹಾಕುತ್ತೀರೋ, ಕೂತು ಹಾಕುತ್ತೀರೋ? ಬಂಡೆಯ ಮೇಲೋ, ಮರಳ ದಂಡೆಯಲ್ಲೋ, ದೋಣಿಯಲ್ಲೋ? ಎರಡನೆಯದು: ಮೀನು ತಪ್ಪಿಸಿಕೊಂಡು ಓಡಿದರೆ ಎಲ್ಲಿಗೆ ಹೋಗುತ್ತದೆ? ಮರಳ ತಳದ ಮೇಲೆ ಕಾಣೆ ಮೀನು ಹಿಡಿಯುವವರಿಗೆ ಹಗುರವಾದ ರಾಡು, ಸಣ್ಣ ರೀಲು ಸಾಕು. ಕಾಣೆ ಓಡಿದರೂ ಬಟಾಬಯಲು. ಅದೇ ಅಳಿವೆಯ ಉಪ್ಪುನೀರಿನಲ್ಲಿ ಬೇರು ಬಿಟ್ಟ ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಂಬೇರಿ ಹಿಡಿಯುವವರ ಕಥೆ ಬೇರೆ. ಕೆಂಬೇರಿ ಕಚ್ಚಿದ ಮರುಕ್ಷಣ ಬೇರಿನೊಳಗೆ ನುಗ್ಗುತ್ತದೆ. ಬೇರಿಗೆ ಅಂಟಿದ ಚಿಪ್ಪುಗಳು ದಾರವನ್ನು ಕುಯ್ಯುತ್ತವೆ. ಮೊದಲ ಎರಡು ಮಾರಿನೊಳಗೆ ಅದನ್ನು ತಡೆದು ನಿಲ್ಲಿಸುವ ಜೋಡಿ ಬೇಕು. ಏಳಡಿಯ ಆಸುಪಾಸು, ಬುಡದಲ್ಲಿ ಗಟ್ಟಿ, ತುದಿ ಮಾತ್ರ ಬಾಗುವ ರಾಡು. ಅದಕ್ಕೆ ನಾಲ್ಕು ಸಾವಿರದ ನಂಬರಿನ, ಅಂದರೆ ಮಧ್ಯಮ ಗಾತ್ರದ ರೀಲು. ಜೋಡಿಸಿದ ಮೇಲೆ ಹಿಡಿಯ ಮುಂದಿನ ಭಾಗವನ್ನು ಒಂದೇ ಬೆರಳ ಮೇಲಿಟ್ಟು ನೋಡಬೇಕು. ತುದಿ ನೆಲ ನೋಡಿದರೆ ಆ ಜೋಡಿ ಸರಿಯಿಲ್ಲ, ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ರೀಲಿನೊಳಗೆ ಎಷ್ಟು ಬೇರಿಂಗ್ ಇವೆ ಎಂದು ಎಲ್ಲರೂ ಕೇಳುತ್ತಾರೆ. ಉಪ್ಪುನೀರು ಎಲ್ಲಿಂದ ಒಳಗೆ ಹೋಗಬಹುದು ಎಂದು ಕೇಳುವವರು ಅಪರೂಪ. ಎರಡನೆಯದೇ ಮುಖ್ಯ.

ಅಂಗಡಿ ಆಗ ಯಜಮಾನರ ಮನೆಯ ಮುಂಗೋಣೆಯಲ್ಲಿತ್ತು. ಗೌರಮ್ಮನವರಿಗೆ ಮಗನ ಈ ವ್ಯಾಪಾರ ಇಷ್ಟವಿರಲಿಲ್ಲ. ಆದರೂ ಕಣ್ಣೆದುರು ಕಬ್ಬಿಣ ಒಣಗುವುದನ್ನು ನೋಡಲಾಗದೆ ಒಮ್ಮೆ ಅಷ್ಟೂ ರೀಲುಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಮಾಗಿಯ ಬೆಳಿಗ್ಗೆ ಒಂದರ ಹಿಡಿಯೂ ತಿರುಗಲಿಲ್ಲ. ಎಣ್ಣೆ ಒಳಗೇ ಹೆಪ್ಪುಗಟ್ಟಿತ್ತು. "ಬೀಗಕ್ಕೆ ಆಯ್ತದೆ, ಹೊಲಿಗೆ ಮಿಷನ್ನಿಗೆ ಆಯ್ತದೆ, ನಿನ್ನ ಈ ಗಿರಗಟ್ಲೆಗೆ ಮಾತ್ರ ಆಗಲ್ವಾ?" ಎಂದು ಮಗನನ್ನೇ ಗದರಿದರು. ಎಲ್ಲವನ್ನೂ ಬಿಚ್ಚಿ ಒರೆಸಲು ನಮಗೆ ವಾರ ಹಿಡಿಯಿತು.

ಇನ್ನು ನಾಲ್ಕು ತೆಂಗಿನಕಾಯಿಗಳ ವಿಷಯ.

ರೀಲಿನ ನೆತ್ತಿಯ ಮೇಲೆ ಒಂದು ಗುಂಡಿ ಇರುತ್ತದೆ. ಅದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಮೀನು ಎಷ್ಟು ಜೋರಾಗಿ ಎಳೆದರೆ ರೀಲು ದಾರ ಬಿಟ್ಟುಕೊಡಬೇಕು ಎನ್ನುವುದನ್ನು ಅದು ತೀರ್ಮಾನಿಸುತ್ತದೆ. ತೀರ ಬಿಗಿಯಾದರೆ ದಾರ ತುಂಡಾಗುತ್ತದೆ. ತೀರ ಸಡಿಲವಾದರೆ ಮೀನು ತನಗೆ ಬೇಕಾದ ಕಡೆ ಹೋಗುತ್ತದೆ. ದಾರ ತಡೆಯುವ ತೂಕದ ಕಾಲು ಪಾಲಿಗೆ ಇಡುವುದು ರೂಢಿ. ನಮ್ಮ ಅಳಿವೆ ಜೋಡಿಗಳಿಗೆ ಅದು ಎರಡು ಕೇಜಿ. ಬೇರೆ ಅಂಗಡಿಗಳು ಗುಂಡಿಯ ಗೊಡವೆಗೆ ಹೋಗುವುದಿಲ್ಲ. ನಂಜುಂಡಪ್ಪನವರು ಮಾತ್ರ ಪ್ರತಿ ರೀಲನ್ನೂ ತೂಕ ಕಟ್ಟಿ ಹೊಂದಿಸಿ, ಗುಂಡಿಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು, "ಇದನ್ನು ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ ಕಳಿಸುತ್ತಿದ್ದರು. ನಮ್ಮ ಅಂಗಡಿ ಹೆಸರು ಮಾಡಿದ್ದೇ ಅದರಿಂದ.

ಆ ತೂಕಕ್ಕೆ ಅವರು ಬಳಸುತ್ತಿದ್ದುದು ನಾಲ್ಕು ಸುಲಿದ ತೆಂಗಿನಕಾಯಿ. ಮಂಡಿಯ ತಕ್ಕಡಿಯಲ್ಲಿಟ್ಟು, ಆರಿಸಿ, ಸರಿಯಾಗಿ ಎರಡು ಕೇಜಿಗೆ ಹೊಂದಿಸಿ ನೈಲಾನ್ ಬಲೆಚೀಲದಲ್ಲಿ ಕಟ್ಟಿದ್ದರು. ನಾನು ಸೇರುವ ಮೊದಲೇ ಆ ಚೀಲ ಅಲ್ಲಿ ನೇತಾಡುತ್ತಿತ್ತು. ಕಬ್ಬಿಣದ ಬಟ್ಟು ಯಾಕಿಡಲಿಲ್ಲ ಎಂದು ಕೇಳಿದ್ದೆ. "ಬಟ್ಟು ಜಾರಿ ಕಾಲ ಮೇಲೆ ಬಿದ್ರೆ ಬೆರಳು ಹೋಯ್ತದೆ. ಕಾಯಿ ಬಿದ್ರೆ ಚಟ್ನಿ ಆಯ್ತದೆ," ಎಂದಿದ್ದರು. ಯಾರೂ ದೂರು ಹೇಳಿರಲಿಲ್ಲ. ಹೊಗಳಿ ಫೋನ್ ಮಾಡುವವರೇ ಹೆಚ್ಚು.

ಅಂಗಡಿ ಬಸ್‌ಸ್ಟ್ಯಾಂಡ್ ಹತ್ತಿರದ ಮಳಿಗೆಗೆ ಬಂತು. ಚೀಲವೂ ಬಂತು. ತಗಡಿನ ಮಾಡಿನ ಕೆಳಗೆ, ಹಿಂದಿನ ಕೋಣೆಯಲ್ಲಿ ಅದನ್ನು ನೇತುಹಾಕಿದೆವು. ಅಲ್ಲಿ ಬೇಸಿಗೆ, ಮಳೆಗಾಲ ಎಲ್ಲ ಕಳೆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಉಡುಪಿಯ ಆಚೆಯ ಒಂದು ಅಳಿವೆಯಿಂದ ಸುಮತಿ ಎಂಬವರು ಆರು ಜೋಡಿ ತರಿಸಿಕೊಂಡರು. ಗಂಡನಿಗೆ ಬೆನ್ನುನೋವು ಬಂದು ಬಲೆ ಎಳೆಯಲು ಆಗುತ್ತಿರಲಿಲ್ಲ. ಮನೆಯ ದೋಣಿಯಲ್ಲಿ ಗಾಳ ಹಾಕುವ ಹವ್ಯಾಸದವರನ್ನು ಕರೆದೊಯ್ದರೆ ಬದುಕು ನಡೆದೀತು ಎಂದು ಸುಮತಿಯ ಲೆಕ್ಕಾಚಾರ. ಗಂಡನ ಅಣ್ಣನಿಗೆ, ಅಂದರೆ ಅವರ ಭಾವನಿಗೆ, ಇದು ಹುಚ್ಚಾಟ. ದೋಣಿಯಲ್ಲಿ ಅವರದೂ ಪಾಲಿತ್ತು, ಮಾರಿಬಿಡೋಣ ಎನ್ನುತ್ತಿದ್ದರು. ಒಂದು ಸೀಸನ್ ಬಿಟ್ಟುಕೊಡಿ ಎಂದು ಸುಮತಿ ಕೇಳಿಕೊಂಡಿದ್ದರು. ಇದನ್ನೆಲ್ಲ ಅವರು ನನಗೆ ಒಂದೇ ಸಲ ಹೇಳಿದ್ದಲ್ಲ. ರಾಡು ಆರಿಸುವ ನಾಲ್ಕಾರು ಫೋನುಗಳ ನಡುವೆ, ತಳದಲ್ಲಿ ಏನಿದೆ ಎಂದು ನಾನು ಕೇಳುತ್ತ ಹೋದ ಹಾಗೆ, ಒಂದೊಂದಾಗಿ ಬಂತು.

ಒಂದು ಶುಕ್ರವಾರ ಬೆಳಿಗ್ಗೆ ಅವರ ಫೋನ್. ದನಿ ಬೇರೆಯಾಗಿತ್ತು.

"ಮೇಡಂ, ಮೀನು ಕಚ್ಚುತ್ತದೆ, ನಿಲ್ಲುವುದಿಲ್ಲ. ಸೀದಾ ಕಾಂಡ್ಲಾ ಬುಡಕ್ಕೆ ಹೋಗ್ತದೆ. ಕಟ್. ಮೂರು ಗುಂಪು ಬಂದು ಹೋಯ್ತು. ಒಂದೇ ಒಂದು ಕೆಂಬೇರಿ ಮೇಲೆ ಬರಲಿಲ್ಲ."

"ಗುಂಡಿ ಯಾರಾದರೂ ತಿರುಗಿಸಿದರಾ?"

"ಇಲ್ಲಪ್ಪ. ನೀವು ಮುಟ್ಟಬೇಡಿ ಅಂತ ಬರೆದಿದ್ದೀರಲ್ಲ. ಬಂದವರು ಕೈ ಹಾಕಿದರೆ ನಾನೇ ಬಯ್ದಿದ್ದೇನೆ." ಮತ್ತೆ ಮುಂದುವರಿಸಿದರು: "ಈ ಭಾನುವಾರ ದೊಡ್ಡ ಗುಂಪು ಬರ್ತದೆ. ಅವರೂ ಬರಿಗೈಯಲ್ಲಿ ಹೋದರೆ ಸೋಮವಾರ ದೋಣಿ ಕೊಡುವುದೇ ಅಂತ ಭಾವ ಹೇಳಿಯಾಯ್ತು. ನೋಡ್ಲಿಕ್ಕೆ ಜನವೂ ಬಂದು ಹೋದರು."

ರೀಲುಗಳನ್ನು ತರಿಸಿ ನೋಡಲು ಸಮಯವಿರಲಿಲ್ಲ. ನನ್ನ ಮೇಜಿನ ಮೇಲೆ ನೀರಿನ ಬಾಟಲಿ ಇತ್ತು. ಒಂದು ಲೀಟರ್ ನೀರೆಂದರೆ ಒಂದು ಕೇಜಿ. ಅದು ತಿಪಟೂರಿನಲ್ಲೂ ಅಷ್ಟೇ, ಅಳಿವೆಯಲ್ಲೂ ಅಷ್ಟೇ.

"ನಿಮ್ಮಲ್ಲಿ ಒಂದು ಲೀಟರಿನ ಬಾಟಲಿ ಇದೆಯಾ? ತುಂಬಿಸಿ. ದಾರದ ತುದಿಗೆ ಕುತ್ತಿಗೆ ಹತ್ತಿರ ಕಟ್ಟಿ. ರಾಡನ್ನು ಅರ್ಧ ಮಾತ್ರ ಎತ್ತಿ. ನೆಟ್ಟಗೆ ನಿಲ್ಲಿಸಬೇಡಿ, ತುದಿ ಮುರಿಯುತ್ತದೆ. ಫೋನನ್ನು ಪಕ್ಕದಲ್ಲಿಡಿ."

ಅಂಗಳದಲ್ಲಿ ಕೋಳಿಗಳ ಸದ್ದು ಕೇಳಿಸಿತು. ಆಮೇಲೆ ರೀಲು ದಾರ ಬಿಡುವ ಟಿರ್ರ್ ಎಂಬ ಸದ್ದು, ಧಪ್ಪೆಂದು ಬಾಟಲಿ ನೆಲಕ್ಕೆ ಬಿದ್ದದ್ದು.

"ಒಂದಕ್ಕೇ ಓಡ್ತದಲ್ಲ ಮೇಡಂ!"

ಎರಡಕ್ಕೆ ಓಡಬೇಕಾದದ್ದು ಒಂದಕ್ಕೇ ಓಡುತ್ತಿತ್ತು. ಆರರದೂ ಅದೇ ಕಥೆ. ಮಧ್ಯಾಹ್ನದೊಳಗೆ ಫೋನ್ ಮಾಡುತ್ತೇನೆ ಎಂದು ಹೇಳಿ ಹಿಂದಿನ ಕೋಣೆಗೆ ಹೋದೆ. ಹೊಸ ರೀಲೊಂದನ್ನು ಯಾವಾಗಿನಂತೆ ಚೀಲ ಕಟ್ಟಿ ಹೊಂದಿಸಿದೆ. ಚೀಲ ಬಿಚ್ಚಿ ನನ್ನ ಬಾಟಲಿ ಕಟ್ಟಿದೆ. ಟಿರ್ರ್. ಚೀಲವನ್ನು ಕೈಗೆ ತೆಗೆದುಕೊಂಡು ಕುಲುಕಿದೆ. ಕಾಯಿಯೊಳಗೆ ನೀರಿನ ಸದ್ದಿರಲಿಲ್ಲ; ಒಣಗಿದ ಕೊಬ್ಬರಿ ಚಿಪ್ಪಿಗೆ ಬಡಿಯುವ ಲೊಟಲೊಟ ಸದ್ದು.

ಅಷ್ಟರಲ್ಲಿ ನಂಜುಂಡಪ್ಪ ಬಂದರು. ನಾನು ಚೀಲದಿಂದ ಒಂದು ಕಾಯಿ ತೆಗೆದು ಅವರ ಕೈಯಲ್ಲಿಟ್ಟೆ. ಅದನ್ನು ಅವರು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಾವಿರಗಟ್ಟಲೆ ಕಾಯಿಗಳನ್ನು ಹಾಗೆ ಕಿವಿಯಿಂದಲೇ ವಿಂಗಡಿಸಿದ ಮನುಷ್ಯ.

"ಉಂಡೆ ಕೊಬ್ಬರಿ ಒಳ್ಳೇದೇ ಆಗೈತೆ. ಯಾವ ತೋಟದ್ದು?" ಎಂದರು.

"ಡ್ರ್ಯಾಗಿನದು, ಅಣ್ಣ."

ಅವರು ಕಾಯಿಯನ್ನು ವಾಪಸ್ ಚೀಲಕ್ಕೆ ಹಾಕಿದರು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತೂಗಿದರು. ಪಾರ್ಸೆಲ್ ತೂಗುವ ತಕ್ಕಡಿ ಅಲ್ಲೇ ಎರಡು ಹೆಜ್ಜೆ ದೂರದಲ್ಲಿತ್ತು. ಇಷ್ಟು ಕಾಲ ಅದರ ಮೇಲೆ ಈ ಚೀಲವನ್ನು ಇಡುವ ಯೋಚನೆ ಒಬ್ಬರಿಗೂ ಬಂದಿರಲಿಲ್ಲ. ಈಗ ಇಟ್ಟೆವು. ಅರ್ಧಕ್ಕೆ ಅರ್ಧ ಇಳಿದಿತ್ತು.

ಮನೆಯಲ್ಲಿದ್ದಷ್ಟು ದಿನ ಹೊಗಳಿಕೆಯ ಫೋನುಗಳೇ ಬರುತ್ತಿದ್ದವಲ್ಲ, ಆಗ ಕಾಯಿ ಯಾಕೆ ಒಣಗಲಿಲ್ಲ ಎನ್ನುವುದು ನನಗೆ ಬಿಡಿಸಲಾಗದ ಪ್ರಶ್ನೆಯಾಯಿತು. ಯಜಮಾನರು ಮನೆಗೆ ಫೋನ್ ಮಾಡಿ ತಾಯಿಯನ್ನು ಕೇಳಿದರು. ಗೌರಮ್ಮನವರ ದನಿ ನನಗೂ ಕೇಳಿಸುವಷ್ಟು ಗಟ್ಟಿ.

"ಆ ಕಾಯಾ? ನಾನೇ ತಕ್ಕೊತಿದ್ನಲ್ಲೋ. ಸಾರಿಗೆ ಕಾಯಿ ಬೇಕು ಅಂದಾಗ ಸುಲಿಯೋಕೆ ಮನೇಲಿ ಯಾರಿದ್ರು? ಸುಲಿದಿದ್ದು ಕೈಗೆ ಸಿಗ್ತಿದ್ದು ಅದೊಂದೇ. ತೆಗೆದು ಒಡ್ಕೊಂತಿದ್ದೆ. ಆಳು ಬಂದಾಗ ಅಷ್ಟೇ ದಪ್ಪದ್ದು ಸುಲಿಸಿ ಒಳಕ್ಕೆ ತುರುಕ್ತಿದ್ದೆ. ನೀನು ನೋಡಿದ್ರೆ ಕೂಗಾಡ್ತೀಯ ಅಂತ ಹೇಳ್ಲಿಲ್ಲ. ಯಾಕೆ, ಈಗ ಲೆಕ್ಕ ಕೇಳ್ತೀಯಾ?"

ಇಷ್ಟು ವರ್ಷ ನಮ್ಮ ಡ್ರ್ಯಾಗ್ ಸರಿಯಾಗಿದ್ದುದು ಆ ಮನೆಯ ಸಾರಿನಿಂದ. ಅಂಗಡಿ ಮನೆಯಿಂದ ದೂರವಾದ ದಿನ ಅದು ತಪ್ಪಲು ಶುರುವಾಗಿತ್ತು. ಬೇರೆ ಯಾರೂ ದೂರು ಹೇಳದ್ದಕ್ಕೂ ಈಗ ಕಾರಣ ಹೊಳೆಯಿತು. ಅನುಭವವಿದ್ದವರು ನಮ್ಮ ಚೀಟಿಯನ್ನು ಕಿತ್ತೆಸೆದು ತಮಗೆ ಬೇಕಾದ ಹಾಗೆ ಗುಂಡಿ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಮಾತನ್ನು ನಂಬಿ ಮುಟ್ಟದೆ ಬಿಟ್ಟವರು ಮಾತ್ರ ಮೀನು ಕಳೆದುಕೊಂಡಿದ್ದರು. ಅಂಥವರು ನಮ್ಮನ್ನಲ್ಲ, ತಮ್ಮನ್ನೇ ಬೈದುಕೊಂಡಿರುತ್ತಾರೆ.

"ಈಗಲೇ ಸುಮತಿಯವರಿಗೆ ಹೇಳುತ್ತೇನೆ," ಎಂದೆ.

"ಹೇಳು. ದಾರ ಸರಿ ಇರ್ಲಿಲ್ಲ ಅನ್ನು."

"ದಾರ ಸರಿ ಇದೆ."

"ಹಂಗಾದ್ರೆ ಗುಂಡಿ ಒಂಚೂರು ಬಿಗಿ ಮಾಡ್ಕೊಳ್ಳಿ ಅನ್ನು. ಕಾರಣ ಯಾಕೆ ಬೇಕು?"

"ಎಷ್ಟು ಬಿಗಿ ಎಂದು ಕೇಳುತ್ತಾರೆ. ಮುಟ್ಟಬೇಡಿ ಎಂದವರೇ ಈಗ ತಿರುಗಿಸಿ ಅನ್ನುತ್ತೀರಲ್ಲ, ಯಾವುದನ್ನು ನಂಬಲಿ ಎಂದೂ ಕೇಳುತ್ತಾರೆ."

ನಂಜುಂಡಪ್ಪ ಕುರ್ಚಿಯ ಮೇಲೆ ಕೂತರು. "ನೋಡು ತಾಯಿ. ಏನಾದ್ರೂ ಹೇಳು, ಕಾಯಿ ಅಂತ ಮಾತ್ರ ಹೇಳಬೇಡ. ತಿಪಟೂರಿನೋನು, ಕೊಬ್ಬರಿ ಮಂಡಿಯೋನು, ಕಾಯಿ ಒಣಗ್ತದೆ ಅನ್ನೋದು ಗೊತ್ತಾಗ್ಲಿಲ್ಲ ಅಂತ ತಿಳಿದ್ರೆ ಮಾರ್ಕೆಟ್ಟಲ್ಲಿ ನಾನು ಹೆಂಗೆ ಓಡಾಡ್ಲಿ? ಸಾಯೋವರ್ಗೂ ಆಡ್ಕೋತಾರೆ ಕಣಮ್ಮ."

ಅವರ ಸಂಕಟ ನಾಟಕವಾಗಿರಲಿಲ್ಲ. ಆದರೆ ಸೋಮವಾರ ದೋಣಿ ಹೋಗುವುದು ಅವರದಲ್ಲ. ನಾನು ಅವರೆದುರೇ ಫೋನ್ ಮಾಡಿದೆ.

ಸುಮತಿಯವರಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ: ಎರಡು ಕೇಜಿಗೆಂದು ಕಟ್ಟಿದ ನಾಲ್ಕು ಕಾಯಿ, ತಗಡಿನ ಮಾಡು, ಒಣಗಿದ್ದು, ತೂಕ ಇಳಿದದ್ದು. ಗೌರಮ್ಮನವರ ಸಾರಿನ ವಿಷಯವನ್ನೂ ಬಿಡಲಿಲ್ಲ. ಆ ಕಡೆಯಿಂದ ಬಂದದ್ದು ಗಂಡಸೊಬ್ಬರ ನಗು. ಸ್ಪೀಕರ್ ಹಾಕಿದ್ದರೆಂದು ನನಗೆ ಗೊತ್ತಿರಲಿಲ್ಲ. ಭಾವ ಅಲ್ಲೇ ಕೂತಿದ್ದರು.

ಅವರು ನಕ್ಕದ್ದು ಸುಮ್ಮನೆ ಅಲ್ಲ. ಉಸಿರು ಕಟ್ಟಿ, ಕೆಮ್ಮಿ, ಮತ್ತೆ ನಕ್ಕರು. "ಕಾಯಿಯನ್ನು ಒಣಗ್ಲಿಕ್ಕೆ ಬಿಟ್ಟು ಅದರಲ್ಲಿ ತೂಕ ಮಾಡಿದ್ರಾ? ಅದೂ ತಿಪಟೂರಿನವರು! ಅಯ್ಯೋ ದೇವರೇ! ಸುಮತಿ, ನೀನು ರಾಡು ತರಿಸಿದ್ದು ಭಾರಿ ಜಾಗದಿಂದ ಮಾರಾಯ್ತಿ!"

ಕುರ್ಚಿಯಲ್ಲಿದ್ದ ನಂಜುಂಡಪ್ಪ ಕಣ್ಣು ಮುಚ್ಚಿಕೊಂಡರು. ನಾನು ಕಾದೆ. ನಗು ನಿಂತ ಮೇಲೆ ಭಾವನ ದನಿ ಹತ್ತಿರ ಬಂತು. ಈಗ ಅದು ಮೀನುಗಾರನ ದನಿ.

"ಮೇಡಂ, ಒಂದು ಮಾತು. ಈ ಸಪೂರ ಕೋಲಿನಿಂದ ಕೆಂಬೇರಿಯನ್ನು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಅಂತ ನಾನು ಮೊದಲಿಂದ ಹೇಳಿದ್ದೆ. ನೀವು ಈಗ ಹೇಳುವುದು, ಕೋಲಿಗೆ ತಾಕತ್ತು ಉಂಟು, ಇವರು ಅರ್ಧವನ್ನೇ ಬಳಸಿದ್ದು ಅಂತವಾ?"

"ಹೌದು. ಅರ್ಧವನ್ನೇ."

"ಹಾಗಾದರೆ ನನಗೆ ನೋಡ್ಬೇಕು. ಸುಮತಿ, ಇನ್ನೊಂದು ಬಾಟ್ಲಿ ತಾ."

ಆರು ರೀಲನ್ನೂ ಅವರೇ ಹೊಂದಿಸಿದರು. ನಾನು ಸದ್ದು ಕೇಳಿಸಿಕೊಳ್ಳುತ್ತ ಇಲ್ಲಿಂದ ಹೇಳುತ್ತಿದ್ದೆ: ಕಾಲು ಸುತ್ತು ತಿರುಗಿಸಿ, ಎತ್ತಿ, ಇನ್ನು ಒಂಚೂರು. ಎರಡು ಬಾಟಲಿ ಎತ್ತಿದಾಗ ನಿಂತು, ಸ್ವಲ್ಪ ಜಗ್ಗಿದರೆ ಮಾತ್ರ ಓಡಬೇಕು. ಮೂರು ಬಾಟಲಿಗೆ ಬಿಗಿ ಮಾಡಿದರೆ ಆಗುವುದಿಲ್ಲವೇ ಎಂದು ಭಾವ ಕೇಳಿದರು. ದಾರ ತಡೆಯುತ್ತದೆ, ಗಂಟು ತಡೆಯುವುದಿಲ್ಲ ಎಂದೆ. "ಸರಿ, ನೀವು ಹೇಳಿದ ಹಾಗೆ," ಎಂದರು. ಹಳೆಯ ಬಿಳಿ ಚುಕ್ಕೆಗಳನ್ನು ಚಾಕುವಿನಿಂದ ಕೆರೆಯುವ ಸದ್ದೂ ಕೇಳಿಸಿತು.

ಭಾನುವಾರ ನಾನು ಮನೆಯಲ್ಲಿದ್ದೆ. ತೋಟಕ್ಕೆ ನೀರು ಬಿಡುವ ಸರದಿ ನಮ್ಮದಾಗಿತ್ತು. ಫೋನನ್ನು ಎಂದೂ ತೋಟಕ್ಕೆ ಒಯ್ಯದವಳು ಅವತ್ತು ಒಯ್ದೆ. ಅಮ್ಮ ಗಮನಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ಸುಮತಿ ಫೋನ್ ಮಾಡಿದರು.

"ಐದು ಕಚ್ಚಿತು ಮೇಡಂ. ಎರಡು ಹೋಯ್ತು. ಮೂರು ಮೇಲೆ ಬಂತು. ಒಂದು ಭಾವನೇ ಎಳೆದದ್ದು. ಇವತ್ತು ದೋಣಿ ನಡೆಸಿದ್ದೂ ಅವರೇ. ನೋಡ್ಬೇಕು ನೋಡ್ಬೇಕು ಅಂತ ಬೆಳಿಗ್ಗೆ ಬಂದು ಕೂತರು."

"ಸೋಮವಾರದ್ದು?"

"ದೋಣಿ ನೋಡಿ ಹೋದ ಜನರಿಗೆ ಬರುವುದು ಬೇಡ ಅಂತ ಅವರೇ ಫೋನ್ ಮಾಡಿದರು. ಮುಂದಿನ ಮಳೆಗಾಲದವರೆಗೆ ಮಾರುವ ಮಾತಿಲ್ಲ. ಆಮೇಲಿನದು ಆಮೇಲೆ." ಕೊನೆಗೆ, "ಒಂದು ವಿಷಯ, ಬೇಸರ ಮಾಡ್ಕೊಳ್ಬೇಡಿ. ಕಾಯಿ ಕಥೆಯನ್ನು ಭಾವ ಜೆಟ್ಟಿಯಲ್ಲಿ ಕಂಡಕಂಡವರಿಗೆಲ್ಲ ಹೇಳ್ತಿದ್ದಾರೆ. ಕೇಳಿದ ಇಬ್ಬರು ನಿಮ್ಮ ನಂಬರ್ ತಗೊಂಡರು. ತಪ್ಪಾದರೆ ಹೀಗೆ ಹೇಳುವವರ ಹತ್ತಿರವೇ ತಗೊಳ್ಬೇಕಂತೆ," ಎಂದರು.

ನಾನು ಕಾಲುವೆಯ ಪಕ್ಕ ಕೂತೆ. ನೀರು ಪಾತಿ ತುಂಬಿ ಹೊರಗೆ ಹರಿಯುತ್ತಿತ್ತು. ಎದ್ದು ತಿರುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ನಂಜುಂಡಪ್ಪನವರಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. ಮೀನು ಎಷ್ಟು ದೊಡ್ಡದು ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದರು: "ಇನ್ನ ಬುಡು ಕಣಮ್ಮ. ಆದದ್ದಾಯ್ತು. ಚೀಲ ಎಸೆದ್ಬುಟ್ಟು ಬಾಟ್ಲಿ ಕಟ್ಟಾನ. ಬೇರೆಯೋರ್ಯಾರೂ ಕೇಳಿಲ್ವಲ್ಲ."

"ಕೇಳದವರಿಗೇ 'ಮುಟ್ಟಬೇಡಿ' ಎನ್ನುವ ಚೀಟಿ ಹೋಗಿರುವುದು, ಅಣ್ಣ. ಅಂಗಡಿ ಬದಲಾದ ಮೇಲೆ ಯಾರು ಯಾರು ತಗೊಂಡಿದ್ದಾರೆ ಎಂಬುದು ನನಗೆ ಗೊತ್ತು. ಅಷ್ಟು ಜನರಿಗೂ ಹೇಳುತ್ತೇನೆ."

"ಕಾಯಿ ಅಂತಾನೂ?"

"ಕಾಯಿ ಅಂತಾನೂ."

ಫೋನಿನ ಆಚೆ ಗೌರಮ್ಮನವರು ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.

"ನೀನು ಮಾತು ಕಡಿಮೆ ಅಂದಿದ್ದೆ, ಕೆಲಸಕ್ಕೆ ಸೇರೋವಾಗ," ಎಂದರು ಕೊನೆಗೆ. ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ರಾಡಿನ ಉದ್ದ, ರೀಲಿನ ಅಳತೆ, ದಾರದ ದಪ್ಪ ಎಲ್ಲವನ್ನೂ ತಿಂಗಳೊಳಗೆ ಕಲಿಯುತ್ತೀರಿ. ನೀವು ಅಳಿವೆಯನ್ನು ನೋಡಿರಬೇಕಾಗಿಲ್ಲ. ನಾನು ಇಂದಿಗೂ ನೋಡಿಲ್ಲ. ಆದರೆ ಅಲ್ಲಿ ನಿಂತವರು ನಿಮ್ಮ ಮಾತಿನ ಮೇಲೆ ಕೈಯಿಟ್ಟಿರುತ್ತಾರೆ. ಗುಂಡಿ ಮುಟ್ಟಬೇಡಿ ಎಂದು ಹೇಳಬೇಡಿ. ಹೊಂದಿಸುವುದು ಹೇಗೆಂದು ಕಲಿಸಿ. ಆಗ ನೀವು ತಪ್ಪಿದರೂ ಅವರು ಉಳಿಯುತ್ತಾರೆ.

ಆ ಸೋಮವಾರ ಬೆಳಿಗ್ಗೆ ತುರುವೇಕೆರೆಯಿಂದ ಮೊದಲ ಬಸ್ಸು ಹಿಡಿದೆ. ಬೀದಿಯಲ್ಲಿ ಇನ್ನೂ ಹೂವಿನವರು ಮಾತ್ರ ಇದ್ದರು. ಶಟರ್ ಎತ್ತಿ, ಕಸ ಗುಡಿಸಿ, ಎರಡು ಬಾಟಲಿಗಳಿಗೆ ನೀರು ತುಂಬಿ ಮೇಜಿನ ಮೇಲಿಟ್ಟುಕೊಂಡೆ. ಕಾರವಾರದ ಒಬ್ಬರಿಗೆ ಮೊದಲ ಫೋನ್ ಮಾಡಿದೆ. ಅವರಿನ್ನೂ ನಿದ್ದೆಗಣ್ಣಿನಲ್ಲಿದ್ದರು.

"ನಮಸ್ಕಾರ. ತಿಪಟೂರಿನಿಂದ ಮಾತಾಡುತ್ತಿದ್ದೇನೆ. ನಮ್ಮಿಂದ ಒಂದು ತಪ್ಪಾಗಿದೆ. ನಿಮ್ಮ ರಾಡು, ಎರಡು ಬಾಟಲಿ ನೀರು, ಇಷ್ಟು ತನ್ನಿ. ಕಾಯುತ್ತೇನೆ," ಎಂದೆ.